ಹೆಸರು ಹಿಡಿದು ಕರೆಯುವುದು

ನಮ್ಮ ಯಶವಂತನಗರದ ಅಂಗನವಾಡಿಗೆ ರೇಣುಕಮ್ಮ ಟೀಚರ್ ಬಂದದ್ದು ಹೋದ ಮಳೆಗಾಲದಲ್ಲಿ. ಈಗ ಯಾರಾದರೂ ಅವರ ಮಾತೆತ್ತಿದರೆ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಆದರೆ ಮೊದಮೊದಲು ಅವರನ್ನು ಕಂಡರೆ ಮೈ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಟೀಚರ್ ಅಂದಮೇಲೆ ದನಿ ಏರಿಸಬೇಕು, ಮಕ್ಕಳನ್ನು ಸಾಲಾಗಿ ಕೂರಿಸಬೇಕು, ಅ ಆ ಇ ಈ ಹೇಳಿಸಬೇಕು. ನಮಗೆ ಗೊತ್ತಿದ್ದದ್ದು ಇಷ್ಟೇ. ಇವರೂ ಹಾಡು ಹೇಳಿಸುತ್ತಿದ್ದರು, ಕತೆ ಹೇಳುತ್ತಿದ್ದರು, ಇಲ್ಲವೆನ್ನುವುದಿಲ್ಲ. ಆದರೆ ಮಿಕ್ಕ ಹೊತ್ತೆಲ್ಲ ಮಕ್ಕಳನ್ನು ಆಡಲು ಬಿಟ್ಟು ತಾವು ಮೂಲೆಯಲ್ಲಿ ಚಾಪೆ ಹಾಕಿಕೊಂಡು ಕೂತುಬಿಡುತ್ತಿದ್ದರು. ನೋಡುವುದು, ಬರೆಯುವುದು. ಯಾವ ಮಗು ಎಡಗೈಯಲ್ಲಿ ಬಟ್ಟಲು ಹಿಡಿಯಿತು, ಯಾವುದು ಒಂದೊಂದೇ ಕಾಲಿಟ್ಟು ಮೆಟ್ಟಿಲು ಹತ್ತಿತು, ಯಾವುದು ಪಕ್ಕದವನ ಮಣಿ ಕಸಿದುಕೊಂಡಿತು, ಕಸಿದುಕೊಂಡ ಮೇಲೆ ವಾಪಸು ಕೊಟ್ಟಿತೋ ಇಲ್ಲವೋ, ಎಲ್ಲವನ್ನೂ ಬರೆಯುವುದು. "ಪಗಾರ ಕೊಟ್ಟು ಕುಂದ್ರಿಸಿದ್ರ ಮಕ್ಕಳ ಆಟ ನೋಡಾಕ ನಾವೂ ಒಲ್ಲೆ ಅಂತೀವೇನು" ಎಂದು ನಲ್ಲಿಯ ಹತ್ತಿರ ಹೆಂಗಸರೆಲ್ಲ ಆಡಿಕೊಂಡೆವು. ಅದರಲ್ಲಿ ನನ್ನ ದನಿಯೇ ಜೋರು.

ನನ್ನ ಹೆಸರು ಸುಕನ್ಯಾ. ತವರು ಕಂಪ್ಲಿ. ನಮ್ಮ ಮನೆಯವರು ಗಣಿಯಲ್ಲಿ ಅದಿರಿನ ಲಾರಿ ಓಡಿಸುತ್ತಾರೆ. ಅವರ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ, ಮುಂದೆ ಅತ್ತೆ ಹೇಳುತ್ತಾರೆ, ಆಗ ಕೇಳಿಸಿಕೊಳ್ಳಿ. ಮನೆಯಲ್ಲಿ ನಾವಿಬ್ಬರು, ಅತ್ತೆ, ಮತ್ತು ಮೂರು ತುಂಬಿ ನಾಲ್ಕಕ್ಕೆ ಬಿದ್ದಿದ್ದ ಮಗಳು. ಮಗಳು ಹುಟ್ಟಿದಾಗ ಅವಳಿಗೆ ಅತ್ತೆಯ ಹೆಸರನ್ನೇ ಇಟ್ಟೆವು. ಅತ್ತೆಗೆ ಆಸೆಯಿತ್ತು, ನಮಗೂ ಬೇಡ ಅನ್ನಲು ಕಾರಣವಿರಲಿಲ್ಲ.

ಒಂದು ಮಧ್ಯಾಹ್ನ ಮಗಳನ್ನು ಕರೆದುಕೊಂಡು ಬರಲು ಹೋದಾಗ ಟೀಚರ್ ನನ್ನನ್ನು ನಿಲ್ಲಿಸಿದರು.

"ಸುಕನ್ಯಾ, ಒಂಚೂರು ಕುಂದ್ರಿ. ನಿಮ್ಮ ಗಾಳೆಮ್ಮ ಹೆಸರು ಕರದ್ರ ತಿರುಗಂಗಿಲ್ಲ. ಭಾಳ ದಿನದಿಂದ ನೋಡಾಕ್ಹತ್ತೀನಿ. ಹಿಂದಿಂದ ಕರದ್ರೂ ಇಲ್ಲ, ಮುಂದಿಂದ ಕರದ್ರೂ ಇಲ್ಲ. ಬಾ ಅಂದ್ರ ಬರಂಗಿಲ್ಲ, ಕುಂದ್ರು ಅಂದ್ರ ಕುಂದ್ರಂಗಿಲ್ಲ. ಮನ್ಯಾಗ ಹೆಂಗದಾಳ?"

ಅವರು ಆ ಹೆಸರು ಅಂದದ್ದೇ ತಡ ನನ್ನ ಕೈ ತಾನಾಗಿ ತಲೆಯ ಮೇಲಿನ ಸೆರಗಿಗೆ ಹೋಯಿತು. ಅತ್ತೆಯ ಹೆಸರನ್ನು ಅಷ್ಟು ಸಲೀಸಾಗಿ ಯಾರಾದರೂ ನನ್ನೆದುರು ಅಂದರೆ ಹಾಗೇ ಆಗುತ್ತದೆ. ಸೆರಗು ಸರಿಮಾಡಿಕೊಂಡ ಮೇಲೆ ಅವರು ಹೇಳಿದ್ದೇನೆಂದು ತಲೆಗೆ ಹೋಯಿತು.

"ಅಂದ್ರ ನಮ್ಮ ಹುಡುಗಿ ಕಿವುಡಿ ಅಂತೀರೇನ್ರಿ?"

"ಹಂಗ ನಾ ಅಂದಿಲ್ಲ. ನಾ ಬರದದ್ದು ಇಷ್ಟ, ನೋಡ್ರಿ. ಹೆಸರು ಕರೆದಾಗ ತಿರುಗಲಿಲ್ಲ. ಕೇಳಿಸಲಿಲ್ಲ ಅಂತ ಬರದಿಲ್ಲ. ಕೇಳಿಸ್ತೋ ಇಲ್ಲೋ ನನಗ ಹೆಂಗ ಗೊತ್ತಾಗಬೇಕು? ತಿರುಗಲಿಲ್ಲ ಅನ್ನೋದು ಕಣ್ಣಿಗೆ ಕಂಡದ್ದು."

"ಎರಡೂ ಒಂದ ಅಲ್ಲೇನ್ರಿ?"

"ಅಲ್ಲವ್ವ," ಅಂದರು ಟೀಚರ್. "ಇನ್ನಷ್ಟು ದಿನ ನೋಡ್ತೀನಿ. ಆಮ್ಯಾಲೆ ಸಂಡೂರು ದವಾಖಾನಿಗೆ ಹೋಗಿ ಕಿವಿ ತೋರಿಸ್ಕೊಂಡು ಬರೋಣು. ನಾನೂ ಜೊತಿಗೆ ಬರ್ತೀನಿ."

"ಏನೂ ಬ್ಯಾಡ್ರಿ. ಮನ್ಯಾಗ ನಾ ಕರದ್ರ ಓಡಿ ಬರ್ತಾಳ" ಎಂದು ಮುಖ ಊದಿಸಿಕೊಂಡು ಮಗಳ ಕೈ ಹಿಡಿದು ಹೊರಟೆ.

ಹೊರಟವಳು ಅರ್ಧ ದಾರಿಯಲ್ಲಿ ನಿಂತುಬಿಟ್ಟೆ. ನಾ ಕರೆದರೆ ಬರುತ್ತಾಳೆ. ಈ ಮಾತನ್ನು ನಾನು ಮೊದಲೇ ಕೇಳಿದ್ದೆ, ನಮ್ಮವ್ವನ ಬಾಯಲ್ಲಿ.

ಕಂಪ್ಲಿಯಲ್ಲಿ ನನಗೊಬ್ಬ ತಮ್ಮನಿದ್ದಾನೆ, ಎರ್ರಿಯಪ್ಪ. ಅವನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಆದರೆ ಅದು ನಮಗೆ ಗೊತ್ತಾದದ್ದು ಅವನನ್ನು ಶಾಲೆಗೆ ಹಾಕಿದ ಮೇಲೆ. ಅಲ್ಲಿಯವರೆಗೆ ಅವನು ನಮ್ಮ ಪಾಲಿಗೆ ಮೊಂಡ. ಕರೆದರೆ ಬರದ, ಬೈದರೆ ನಗುವ ಮೊಂಡ. ಅಪ್ಪ ಗದ್ದೆಯಿಂದ ಬಂದು, ಕೂಗಿ ಕೂಗಿ ಸಾಕಾಗಿ, ಎದ್ದು ಹೋಗಿ ಬೆನ್ನಿಗೆ ಬಿಡುತ್ತಿದ್ದ. ಅವ್ವ ಅಡ್ಡ ಬಂದು "ನಾ ಕರದ್ರ ಬರ್ತಾನ" ಅನ್ನುತ್ತಿದ್ದಳು. ಬರುತ್ತಿದ್ದ, ನಿಜ. ಅವಳ ಬಾಯಿ ನೋಡಿ, ಕೈ ನೋಡಿ, ಕೈಯಲ್ಲಿನ ತಟ್ಟೆ ನೋಡಿ ಬರುತ್ತಿದ್ದ. ಮನೆ ತುಂಬ ಜನ ಇದ್ದೆವು, ಒಬ್ಬರಾದರೂ ಅವನನ್ನು ಕೂತು ನೋಡಲಿಲ್ಲ. ಈಗ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ, ಹೆಂಡತಿ ಮಕ್ಕಳಿದ್ದಾರೆ, ಚೆನ್ನಾಗಿದ್ದಾನೆ. ಆದರೂ ಹಿಂದಿನಿಂದ ಯಾರಾದರೂ ಹೆಗಲು ಮುಟ್ಟಿದರೆ ಇವತ್ತಿಗೂ ಬೆನ್ನು ಕುಗ್ಗಿಸುತ್ತಾನೆ.

ಮನೆಗೆ ಬಂದು ಅತ್ತೆಗೆ ಏನೂ ಹೇಳಲಿಲ್ಲ. ಮಗಳು ಗೋಡೆ ಕಡೆ ಮುಖ ಮಾಡಿ ಹುಣಸೆಬೀಜ ಜೋಡಿಸುತ್ತ ಕೂತಿದ್ದಳು. ನಾನು ಅವಳ ಹಿಂದೆ ನಿಂತು ಸ್ಟೀಲಿನ ತಟ್ಟೆಯನ್ನು ಬೇಕಂತಲೇ ಕೆಳಗೆ ಬಿಟ್ಟೆ. ಓಣಿಗೆಲ್ಲ ಕೇಳುವಂಥ ಸದ್ದು. "ಏನ್ ಬಿತ್ತಬೇ ಅದು" ಎಂದು ಅತ್ತೆ ಅಂಗಳದಿಂದ ಕೂಗಿದರು. ಮಗಳು ಬೀಜದಿಂದ ತಲೆ ಎತ್ತಲಿಲ್ಲ.

ಆಮೇಲೆ ಎಲ್ಲವೂ ಅದೇ ಕಡೆಗೆ ಕೈ ತೋರಿಸತೊಡಗಿತು. ನಮ್ಮ ಮನೆ ಇರುವುದು ರಸ್ತೆಯ ಬದಿಗೇ. ಅದಿರಿನ ಲಾರಿಗಳು ತಿರುವಿನಲ್ಲಿ ಹಾರ್ನ್ ಹೊಡೆದರೆ ಮನೆಗೆ ಬಂದ ನೆಂಟರು ಚಹಾ ಚೆಲ್ಲಿಕೊಳ್ಳುತ್ತಾರೆ. ನನ್ನ ಮಗಳು ರೆಪ್ಪೆ ಕೂಡ ಬಡಿಯುತ್ತಿರಲಿಲ್ಲ. ಅಲ್ಲಿಯವರೆಗೆ ಅದನ್ನು ನಾನು ಧೈರ್ಯ ಅಂದುಕೊಂಡು ಓಣಿಯವರಿಗೆಲ್ಲ ಹೇಳಿಕೊಂಡಿದ್ದೆ.

ಇಷ್ಟೆಲ್ಲ ಯಾಕೆ, ಒಮ್ಮೆ ಕರೆದು ನೋಡಬಾರದಾಗಿತ್ತೇ ಎಂದು ನೀವು ಕೇಳಬಹುದು. ಅದೇ ಆಗಲಿಲ್ಲ. ಕರೆದು, ಅವಳು ತಿರುಗದಿದ್ದರೆ? ಆಮೇಲೆ ಏನಿದೆ ಉಳಿದದ್ದು? ಊಟಕ್ಕೆ ಎಬ್ಬಿಸಬೇಕಾದರೂ ಸ್ನಾನಕ್ಕೆ ಒಯ್ಯಬೇಕಾದರೂ ಹತ್ತಿರ ಹೋಗಿ ಕೈ ಹಿಡಿದು ಎತ್ತಿಕೊಳ್ಳುತ್ತಿದ್ದೆ. ಒಂದು ಮಾತು ಆಡುತ್ತಿರಲಿಲ್ಲ. ಮನೆಯವರಿಗೆ ಹೇಳಿದರೆ ಅವರು ಹಾರಾಡಿದರು. "ಆ ಟೀಚರಿಗೆ ಮಾಡಾಕ ಕೆಲಸ ಇಲ್ಲ. ಚಂದಾಗಿರೋ ಹುಡುಗಿಗೆ ಐಬು ಹಚ್ತಾರೇನು? ನಾಳಿಂದ ಕಳಿಸಬ್ಯಾಡ." ನನಗೂ ಕಳಿಸಬಾರದು ಅಂತಲೇ ಇತ್ತು. ಆದರೆ ತಮ್ಮನ ಬೆನ್ನು ಕಣ್ಣ ಮುಂದೆ ಬಂತು. ಟೀಚರನ್ನು ಒಳಗೊಳಗೇ ಬೈದುಕೊಳ್ಳುತ್ತಲೇ ಕಳಿಸಿದೆ.

ರಜೆಯ ದಿನ ಬೆಳಿಗ್ಗೆ ರೇಣುಕಮ್ಮ ಟೀಚರ್ ಬಾಗಿಲಲ್ಲಿ ನಿಂತಿದ್ದರು. ಹೊಸಪೇಟೆಯ ತಮ್ಮ ಮನೆಯಿಂದ ಬಸ್ಸು ಹಿಡಿದು, ರಜೆ ಬಿಟ್ಟು ಬಂದಿದ್ದರು.

"ಮನ್ಯಾಗ ಹೆಂಗಿರ್ತಾಳ ಅಂತ ನೋಡಾಕ ಬಂದೀನಿ. ನಿಮ್ಮ ಕೆಲಸ ನೀವು ಮಾಡ್ರಿ, ನಾ ಇಲ್ಲೆ ಒಂದು ಕಡಿ ಕುಂದ್ರತೀನಿ."

ಅತ್ತೆಗೆ ವಿಷಯ ಗೊತ್ತಿಲ್ಲ. ಟೀಚರ್ ಮನೆಗೆ ಬಂದರೆಂದು ಅವರಿಗೆ ಹಬ್ಬ. ಚಹಾ ಕೊಟ್ಟರು, ಊಟ ಮಾಡಿಕೊಂಡೇ ಹೋಗಬೇಕು ಅಂದರು. ನಾನು ಒಳಗೆ ರೊಟ್ಟಿ ಬಡಿಯಲು ಕೂತೆ. ಅತ್ತೆ ಅಂಗಳದಲ್ಲಿ ಶೇಂಗಾ ಹಸನು ಮಾಡುತ್ತಿದ್ದರು. ಮಗಳು ಬಾಗಿಲ ಹಿಂದೆ ಗೋಡೆಗೆ ಮುಖ ಕೊಟ್ಟು ತನ್ನ ಆಟದಲ್ಲಿದ್ದಳು. ಟೀಚರ್ ಗೋಡೆಗೊರಗಿ ಎಷ್ಟು ಸುಮ್ಮನೆ ಕೂತಿದ್ದರೆಂದರೆ, ಸ್ವಲ್ಪ ಹೊತ್ತಿನ ಮೇಲೆ ಅವರು ಇದ್ದದ್ದೇ ನನಗೆ ಮರೆತುಹೋಯಿತು. ಎಷ್ಟೋ ದಿನದಿಂದ ಹಿಡಿದಿಟ್ಟುಕೊಂಡ ಬಾಯಿ ರೂಢಿಯಂತೆ ಸಡಿಲಾಯಿತು. ಒಲೆಯ ಮುಂದಿನಿಂದ ಕದಲದೆ ಕರೆದೆ:

"ಅತ್ತೀ, ರೊಟ್ಟಿ ಆದುವು, ಉಣ್ಣಾಕ ಬರ್ರಿ!"

ಅಂಗಳದಿಂದ ಅತ್ತೆ ಕೈ ಕೊಡವಿಕೊಳ್ಳುತ್ತ ಬಂದರು. ಬಾಗಿಲ ಹಿಂದಿನಿಂದ ಮಗಳು ಎದ್ದು ಬಂದಳು. ಇಬ್ಬರೂ ಅಕ್ಕಪಕ್ಕ ಚಕ್ಕಳಮಕ್ಕಳ ಹಾಕಿ ಕೂತರು.

ಟೀಚರ್ ಎದ್ದು ನಿಂತಿದ್ದರು.

"ಸುಕನ್ಯಾ, ಈಗ ಯಾರನ್ನ ಕರದ್ರಿ?"

"ಅತ್ತಿನ್ನ ಕರದೆ."

"ಯಾವ ಅತ್ತಿನ್ನ?"

"ಇಬ್ಬರನ್ನೂ ಕರದೇರಿ" ಅಂದೆ. ಅಂದಮೇಲೆ ನನ್ನ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು.

ನಿಮಗೂ ಬಿಡಿಸಿ ಹೇಳಬೇಕು. ಅತ್ತೆಯ ಹೆಸರನ್ನು ಸೊಸೆ ಆಡುವ ಹಾಗಿಲ್ಲ, ತಾಯಿಯ ಹೆಸರನ್ನು ಮಗ ಕೂಗುವ ಹಾಗಿಲ್ಲ. ಆ ಹೆಸರು ಮಗಳ ಮೇಲೆ ಬಂದು ಕೂತಿತು. ಹಾಗಾಗಿ ತೊಟ್ಟಿಲಲ್ಲಿದ್ದಾಗಿನಿಂದಲೂ ಅವಳು ನನಗೆ ಅತ್ತಿ, ನಮ್ಮ ಮನೆಯವರಿಗೆ ಯವ್ವ. ಹೆಸರಿನ ಮಾತು ಬಿಡಿ, ಅವಳಿಗೆ ಬಾ ಹೋಗು ಅಂತ ಕೂಡ ಅಂದವಳಲ್ಲ ನಾನು. ಅತ್ತೆಯ ಹೆಸರು ಹೊತ್ತವಳಿಗೆ ಏಕವಚನ ಹೇಗೆ ಬಂದೀತು? ಬೈಯುವಾಗಲೂ "ಅತ್ತೀ, ಮಣ್ಣು ತಿನ್ನಬ್ಯಾಡ್ರಿ, ಬಾಯಿ ತಗೀರಿ" ಅಂತಲೇ ಬೈದದ್ದು. ಇಂಥ ಮಹಾರಾಣಿಯನ್ನು ಅಂಗನವಾಡಿಯಲ್ಲಿ ಗೊತ್ತಿಲ್ಲದ ಹೆಸರಿನಿಂದ ಕರೆದು ಬಾ ಅಂದರೆ ಅವಳು ಯಾಕೆ ಎದ್ದಾಳು? ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡಿದ್ದಾಳೆ. ನಮಗೆ ಇದು ಉಸಿರಾಡಿದಷ್ಟು ರೂಢಿ, ಅದಕ್ಕೇ ನನಗೆ ಹೊಳೆಯಲೇ ಇಲ್ಲ.

ಟೀಚರ್ ತಾವು ಬರೆದದ್ದನ್ನು ತೆಗೆದು ನೋಡಿ ತಲೆ ಚಚ್ಚಿಕೊಂಡರು. "ಈಕಿ ದಿನಾ ಅತ್ತಿಗೆ ನೀರು ಬೇಕು, ಅತ್ತಿ ಮನಿಗೆ ಹೋಗ್ತಾಳ ಅಂತಿದ್ಲು. ನಾ ಏನು ಬರದೀನಿ ಕೇಳ್ರಿ. ಮಗುವಿಗೆ ಅತ್ತೆಯ ಮೇಲೆ ಬಹಳ ಪ್ರೀತಿ, ನೀರು ಕುಡಿಯುವಾಗಲೂ ಅತ್ತೆಯನ್ನು ನೆನೆಯುತ್ತದೆ." ನಗುತ್ತ ನಗುತ್ತ ಅವರ ಕಣ್ಣಲ್ಲಿ ನೀರು ಬಂತು. "ಕಣ್ಣಿಗೆ ಕಂಡದ್ದಷ್ಟ ಬರೀತೀನಿ ಅಂತ ನಿಮಗ ಭಾಷಣ ಮಾಡಿದಾಕಿ ನಾನ!"

ಆಮೇಲೆ ಅವರು ಮಗಳ ಹಿಂದೆ ಹೋಗಿ, ದೂರ ನಿಂತು, ಮೆಲ್ಲನೆಯ ದನಿಯಲ್ಲಿ "ಅತ್ತೀ, ಇತ್ತಾಗ ನೋಡ್ರಿ" ಅಂದರು. ಮಗಳು ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ತಿರುಗಿ ನೋಡಿದಳು.

ನಾನು ಒಲೆಯ ಮುಂದೆಯೇ ಅತ್ತುಬಿಟ್ಟೆ. ಅತ್ತೆಗೆ ಗಾಬರಿಯಾಯಿತು, ಆಗ ಎಲ್ಲವನ್ನೂ ಹೇಳಿದೆ. ತಟ್ಟೆ ಬೀಳಿಸಿದ್ದನ್ನೂ ಹೇಳಿದೆ. "ಅಯ್ಯ ಹುಚ್ಚಿ, ನನ್ನ ಕೈಯಾಗಿಂದ ದಿನಾ ಬೀಳೋ ತಟ್ಟಿ ಕೇಳಿ ಕೇಳಿ ಆಕಿಗೆ ಬ್ಯಾಸರಾಗೈತಿ" ಅಂದರು. ಟೀಚರ್ ಮಾತ್ರ, ಆದರೂ ಒಮ್ಮೆ ತೋರಿಸೋಣ ಎಂದು ಮುಂದಿನ ವಾರ ನಮ್ಮನ್ನು ಸಂಡೂರಿಗೆ ಕರೆದುಕೊಂಡು ಹೋದರು. ಎರಡೂ ಕಿವಿ ಚೆನ್ನಾಗಿವೆ ಅಂದರು ಡಾಕ್ಟರು.

ಆ ದಿನ ನನಗೆ ಆದ ಸಂತೋಷದ ಅಡಿಯಲ್ಲಿ ಇನ್ನೊಂದು ಸಂಕಟವೂ ಇತ್ತು. ಎರ್ರಿಯಪ್ಪನಿಗೆ ಇಂಥದೊಂದು ಮೂಲೆ, ಇಂಥದೊಂದು ಚಾಪೆ, ಕೈ ಎತ್ತದೆ ಕೂತು ನೋಡುವ ಇಂಥ ಎರಡು ಕಣ್ಣು ಸಿಕ್ಕಿದ್ದರೆ ಅವನ ಬೆನ್ನು ಅಷ್ಟು ಪೆಟ್ಟು ತಿನ್ನುತ್ತಿರಲಿಲ್ಲ. ನನ್ನ ಮಗಳನ್ನು ಟೀಚರ್ ಮೊಂಡಿ ಅನ್ನಲಿಲ್ಲ, ಕಿವುಡಿ ಅನ್ನಲಿಲ್ಲ, ಗೊತ್ತಾಗುವವರೆಗೆ ಏನೂ ಅನ್ನಲಿಲ್ಲ. ಅಷ್ಟಕ್ಕೇ ನಾನು ಅವರಿಗೆ ಬದುಕಿರುವವರೆಗೆ ಋಣಿ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ರಜೆಯ ದಿನವೇ, ಸಂಡೂರಿಗೆ ಹೋಗುವ ಮೊದಲೇ, ಟೀಚರ್ ಕೈ ತೊಳೆದು ಊಟಕ್ಕೆ ಕೂತವರು ಹೇಳಿದರು, "ನಾಳಿ ಸಾಲಿಗೆ ಹೋದಾಗ ಮಾಸ್ತರು ಹಾಜರಿ ಕರೀತಾರ. ತನ್ನ ಹೆಸರು ಅಂತ ಆಕಿಗೆ ಗೊತ್ತಿರಬೇಕು. ಇನ್ನ ಮ್ಯಾಲೆ ಮನ್ಯಾಗ ಹೆಸರು ಹಿಡಿದು ಕರೀರಿ, ಸುಕನ್ಯಾ."

"ಅದೊಂದು ಆಗಂಗಿಲ್ರಿ," ಅಂದೆ ತಟ್ಟನೆ. "ಬೇಕಂದ್ರ ಹೆಸರ ಬದಲಿ ಮಾಡಸೋಣು. ಶಿಲ್ಪಶ್ರೀ ಅಂತ ಇಡೋಣು. ಕರಿಯಾಕೂ ಸಸಾರ, ಅತ್ತಿಗೂ ಮರ್ಯಾದಿ."

ಅತ್ತೆಯ ಮರ್ಯಾದೆ ಕಾಯುತ್ತಿದ್ದೇನೆ ಎಂಬ ಹೆಮ್ಮೆಯಿಂದಲೇ ಅಂದದ್ದು ನಾನು. ಅತ್ತೆ ಮುರಿದ ರೊಟ್ಟಿಯನ್ನು ತಟ್ಟೆಗೆ ವಾಪಸು ಹಾಕಿದರು. ಅವರ ಮುಖ ಸಣ್ಣದಾಗಿತ್ತು.

"ನನ್ನ ಹೆಸರು ಕರೀಬ್ಯಾಡ ಅಂತ ನಾ ಯಾವತ್ತರ ಅಂದಿದ್ನೇನಬೇ?"

"ನೀವು ಅನ್ನಬೇಕೇನ್ರಿ ಅತ್ತಿ? ಅನ್ನದಿದ್ರ ನಮಗ ಗೊತ್ತಾಗಂಗಿಲ್ಲೇನು?"

"ಏನು ಗೊತ್ತಾಗೈತಿ ನಿನಗ," ಅಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಹೆಸರು ಕರಿಯೋರು ಒಬ್ಬೊಬ್ಬರ ಹೋಗಿಬಿಟ್ರು. ಅಪ್ಪ ಹೋದ, ಅವ್ವ ಹೋದ್ಲು, ಅಣ್ಣ ಹೋದ. ಕಡೀಕ ನಮ್ಮಕ್ಕ ಒಬ್ಬಾಕಿ ಇದ್ಲು. ಹೊಲದಾಚಿಗಿಂದ ಗಾಳೀ ಅಂತ ಕೂಗತಿದ್ಲು. ಆಕಿ ಹೋದ ಮ್ಯಾಲೆ ನಾ ಎಲ್ಲರಿಗೂ ಅತ್ತಿ, ಅವ್ವ, ಅಜ್ಜಿ, ಯಲ್ಲೇಶನ ತಾಯಿ. ಒಬ್ಬರ ಬಾಯಾಗೂ ನನ್ನ ಹೆಸರಿಲ್ಲ. ಮೊಮ್ಮಗಳಿಗೆ ಇಟ್ರ ದಿನಾ ಮನ್ಯಾಗ ಯಾರರ ಕೂಗತಾರ, ನನ್ನ ಕಿವಿಗೂ ಬೀಳತೈತಿ ಅಂತ ಇಡಿಸಿದೆ. ನೀವು ಆಕಿನ್ನೂ ಅತ್ತಿ ಮಾಡಿ ಕುಂದ್ರಿಸಿದ್ರಿ."

ಮಗಳು ಒಬ್ಬಳೇ ರೊಟ್ಟಿ ಜಗಿಯುತ್ತಿದ್ದಳು.

"ಮೊದಲ ಹೇಳಬಾರದಿತ್ತೇನ್ರಿ ಅತ್ತಿ?"

"ಏನಂತ ಹೇಳಲಿ? ನನ್ನ ಹೆಸರು ಹಿಡಿದು ಕರಿ ಅಂತ ಸೊಸಿ ಮುಂದ ಹೆಂಗ ಬಾಯಿ ಬಿಡಲಿ?"

ಮದುವೆಯಾಗಿ ಬಂದ ದಿನದಿಂದ ಆ ಹೆಸರನ್ನು ಬಾಯಿಗೆ ತರದೆ ಕಾಪಾಡಿಕೊಂಡು ಬಂದಿದ್ದೆ. ಅದು ಅವರಿಗೆ ಹಸಿವಾಗಿತ್ತು ಅಂತ ನನಗೆ ಆ ಕ್ಷಣದವರೆಗೂ ಗೊತ್ತಿರಲಿಲ್ಲ. ನಾನು ಎದ್ದು ಹೋಗಿ ಅವರ ಕಾಲು ಮುಟ್ಟಿದೆ. ಅವರು ನನ್ನ ತಲೆ ಸವರಿ, ಮೊಮ್ಮಗಳನ್ನು ಎತ್ತಿಕೊಂಡು ಅಂಗಳದ ಆ ತುದಿಗೆ ನಡೆದರು. ಅವಳನ್ನು ಕೆಳಗಿಳಿಸಿ, ಇಬ್ಬರೂ ರಸ್ತೆ ಕಡೆ ಮುಖ ಮಾಡಿ ನಿಂತರು.

"ಈಗ ಕರಿ. ಟೀಚರ್ ನೋಡಲಿ."

ನಾನು ಬಾಗಿಲಲ್ಲಿ ನಿಂತೆ. ಕೈ ಸೆರಗಿಗೆ ಹೋಯಿತು. ಮೊದಲು ಬರೀ "ಗಾ" ಅಂತ ಬಂತು, ಮುಂದಕ್ಕೆ ಬರಲಿಲ್ಲ. ಟೀಚರ್ ನನ್ನ ಪಕ್ಕಕ್ಕೆ ಬಂದು ನಿಂತರು. ಕಣ್ಣು ಮುಚ್ಚಿಕೊಂಡು ಕೂಗಿದೆ.

"ಗಾಳೆಮ್ಮಾ!"

ಮಗಳು ಅಲ್ಲಾಡಲಿಲ್ಲ, ಪಾಪ, ಅವಳಿಗೇನು ಗೊತ್ತು.

"ಓ..." ಅಂದರು ಅತ್ತೆ. ಹೊಲದಾಚೆಯಿಂದ ಯಾರೋ ಕರೆದದ್ದಕ್ಕೆ ಹುಡುಗಿಯೊಬ್ಬಳು ಓಗೊಟ್ಟ ಹಾಗಿತ್ತು ಆ ದನಿ. ಆ ಮನೆಯಲ್ಲಿ ಅಂಥ ದನಿ ನಾನು ಎಂದೂ ಕೇಳಿರಲಿಲ್ಲ.

ಮಗಳು ತಲೆ ಎತ್ತಿ ಅಜ್ಜಿಯ ಮುಖ ನೋಡಿದಳು. ನೋಡಿ ತಾನೂ "ಓ" ಅಂದಳು.

ಅತ್ತೆ ರಸ್ತೆ ಕಡೆಗೇ ನೋಡುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇನ್ನೊಮ್ಮೆ ಕರಿಯವ್ವಾ ಸುಕನ್ಯಾ," ಅಂದರು. "ಆಕಿಗೆ ಇನ್ನೂ ರೂಢಿ ಆಗಿಲ್ಲ."

ಕರೆದೆ. ಮತ್ತೆ ಮತ್ತೆ ಕರೆದೆ. ಸಾಕು ಅಂತ ಅವರು ಅನ್ನಲೇ ಇಲ್ಲ.